ಮನೆಯ ಹಿರಿಯರ ಬದುಕನ್ನು ಪುಸ್ತಕವಾಗಿಸುವುದು: ಮಾತು ಕೇಳುವಲ್ಲಿಂದ ಅಚ್ಚಿಗೆ ಕಳಿಸುವವರೆಗೆ

ಸಹಸ್ರ ಚಂದ್ರ ದರ್ಶನ ಶಾಂತಿಗೆ ಛತ್ರ ಗೊತ್ತಾಗಿ, ಅಡುಗೆಯವರಿಗೆ ಮುಂಗಡ ಕೊಟ್ಟಾಗಿ, ಇನ್ನು ಮೂರು ವಾರ ಇದೆ ಎನ್ನುವಾಗ ಮನೆಯಲ್ಲಿ ಯಾರಿಗಾದರೂ ‘ಅಮ್ಮನ ಬಗ್ಗೆ ಒಂದು ಪುಸ್ತಕ ತರೋಣ’ ಎನಿಸುತ್ತದೆ. ಅಷ್ಟು ಹೊತ್ತಿಗೆ ಆಗುವುದು ಒಂದೇ ಕೆಲಸ: ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ತಲಾ ಒಂದು ಪುಟ ಹೊಗಳಿಕೆ ಬರೆದುಕೊಡುವುದು. ಎಲ್ಲ ಪುಟದಲ್ಲೂ ಅಮ್ಮ ಸಹನಾಮೂರ್ತಿ, ದೈವಭಕ್ತೆ, ಪರೋಪಕಾರಿ. ಅವರ ಬಾಯಿಂದ ಬಂದ ಒಂದು ಮಾತೂ ಅದರಲ್ಲಿ ಇರುವುದಿಲ್ಲ. ಇಪ್ಪತ್ತು ವರ್ಷ ಬಿಟ್ಟು ಅದನ್ನು ತೆರೆದ ಮರಿಮಗುವಿಗೆ ಆಕೆ ಯಾವ ಒಲೆಯಲ್ಲಿ ಅಡುಗೆ ಮಾಡುತ್ತಿದ್ದರು, ಕಾಶಿಗೆ ಯಾರ ಜೊತೆ ಹೋದರು, ಯಾವ ಮಹಿಳಾ ಸಮಾಜದಲ್ಲಿ ಏನು ಮಾಡುತ್ತಿದ್ದರು ಎಂಬುದು ಗೊತ್ತಾಗುವುದಿಲ್ಲ.

ಆದ್ದರಿಂದ ಲೆಕ್ಕ ಹಿಂದಿನಿಂದ ಹಾಕಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ಸಾವಿರ ಹುಣ್ಣಿಮೆ ಎಂದರೆ 29,530 ದಿನ, ಸುಮಾರು 80 ವರ್ಷ 10 ತಿಂಗಳು. ಶಾಂತಿ ಯಾವಾಗ ಮಾಡಬೇಕೆಂಬುದು ಅವರವರ ಮನೆಯ ಪದ್ಧತಿಗೆ ಬಿಟ್ಟದ್ದು. ಪುಸ್ತಕದ ಕೆಲಸವನ್ನು ಮಾತ್ರ ಆ ದಿನಕ್ಕೆ ಐದು ತಿಂಗಳ ಮುಂಚೆ ಶುರು ಮಾಡಬೇಕು. ಮಾತು ಕೇಳಲು ಎರಡು ತಿಂಗಳು, ಬರೆದಿಳಿಸಿ ತಿದ್ದಲು ಎರಡು ತಿಂಗಳು, ಪುಟವಿನ್ಯಾಸ ಮತ್ತು ಅಚ್ಚಿಗೆ ಒಂದು ತಿಂಗಳು. ಸಮಾರಂಭ ಇಲ್ಲದಿದ್ದರೂ ಇದೇ ಲೆಕ್ಕ. 70ರ ಭೀಮರಥ ಶಾಂತಿಯ ಹೊತ್ತಿಗೇ ಮಾಡಿಬಿಟ್ಟರೆ ಇನ್ನೂ ಒಳ್ಳೆಯದು: ನೆನಪು ಗಟ್ಟಿ ಇರುತ್ತದೆ, ಕಿವಿ ಕೇಳಿಸುತ್ತದೆ, ತಪ್ಪು ಬರೆದರೆ ತಿದ್ದುವವರು ಎದುರಿಗೇ ಇರುತ್ತಾರೆ.

ಮೊದಲು ಮನೆಗಳ ಪಟ್ಟಿ

ಹುಟ್ಟಿದ ದಿನದಿಂದ ಶುರು ಮಾಡಿ ‘ಆಮೇಲೆ ಏನಾಯಿತು’ ಎನ್ನುತ್ತಾ ಹೋದರೆ ಮೂರನೆಯ ದಿನಕ್ಕೆ ಮಾತು ಒಣಗುತ್ತದೆ. ಇಸವಿ ಯಾರಿಗೂ ನೆನಪಿರುವುದಿಲ್ಲ, ಮನೆ ನೆನಪಿರುತ್ತದೆ. ಮೊದಲ ದಿನ ರೆಕಾರ್ಡಿಂಗ್ ಬೇಡ. ಒಂದು ಉದ್ದ ನೋಟ್ ಪುಸ್ತಕ ತೆಗೆದುಕೊಂಡು ಅವರು ವಾಸ ಮಾಡಿದ ಎಲ್ಲ ಮನೆಗಳನ್ನೂ ಸಾಲಾಗಿ ಬರೆಯಿರಿ: ಊರಿನ ತೊಟ್ಟಿ ಮನೆ, ಓದಲು ಉಳಿದ ಸೋದರಮಾವನ ಮನೆ, ಚಾಮರಾಜಪೇಟೆಯ ವಠಾರ, ಎಚ್‌ಎಂಟಿ ಅಥವಾ ಬಿಇಎಲ್ ಕ್ವಾರ್ಟರ್ಸ್, ಸಾಲ ಮಾಡಿ ಕಟ್ಟಿಸಿದ ಮನೆ, ಈಗಿನ ಫ್ಲ್ಯಾಟ್. ಪ್ರತಿ ಮನೆಗೂ ಒಂದು ಪುಟ ಬಿಡಿ. ಪ್ರತಿ ಪುಟದಲ್ಲಿ ಒಂದೇ ಥರದ ಪ್ರಶ್ನೆಗಳು: ನೀರು ಎಲ್ಲಿಂದ ಬರುತ್ತಿತ್ತು, ಬಾಡಿಗೆ ಎಷ್ಟು, ಒಲೆ ಯಾವುದು, ಯಾರು ಯಾರು ಇದ್ದರು, ಪಕ್ಕದ ಮನೆಯವರು ಯಾರು, ಯಾವ ಬಸ್ಸು, ಹತ್ತಿರದ ದೇವಸ್ಥಾನ ಅಥವಾ ಚರ್ಚು ಅಥವಾ ಮಸೀದಿ ಯಾವುದು, ಆ ಮನೆಯಲ್ಲಿ ಯಾವ ಮಗು ಹುಟ್ಟಿತು, ಯಾರು ತೀರಿಕೊಂಡರು.

ಈ ಪಟ್ಟಿಯೇ ಮುಂದೆ ಪುಸ್ತಕದ ಅಧ್ಯಾಯಗಳ ಪಟ್ಟಿ ಆಗುತ್ತದೆ. ಮಕ್ಕಳು ಹುಟ್ಟಿದ ವರ್ಷ ಗೊತ್ತಿರುವುದರಿಂದ ಮನೆಗಳಿಗೂ ತಾನಾಗಿಯೇ ವರ್ಷ ಸಿಗುತ್ತದೆ.

ಅದೇ ದಿನ ಒಪ್ಪಿಗೆಯನ್ನೂ ಬಿಡಿಸಿ ಕೇಳಿ. ‘ಇದನ್ನೆಲ್ಲ ರೆಕಾರ್ಡ್ ಮಾಡ್ತೀನಿ, ಬರೆದದ್ದನ್ನ ನಿಮಗೆ ಓದಿ ಹೇಳ್ತೀನಿ, ಬೇಡ ಅಂದದ್ದನ್ನ ತೆಗೀತೀನಿ’ ಎಂಬ ಮೂರು ಮಾತು ಸಾಕು. ಆಸ್ತಿ ಪಾಲು, ಮುರಿದ ಸಂಬಂಧ, ಬದುಕುಳಿಯದ ಮಕ್ಕಳು, ಇವು ಯಾವ ಮನೆಯಲ್ಲೂ ಬಂದೇ ಬರುತ್ತವೆ. ‘ಎಷ್ಟು ಮಕ್ಕಳು’ ಎಂದು ಕೇಳಿದರೆ ಆ ಕಾಲದ ಹೆಂಗಸರು ಉಳಿದವರ ಲೆಕ್ಕ ಹೇಳುತ್ತಾರೆ. ಹುಟ್ಟಿದವರ ಲೆಕ್ಕವನ್ನು ಅವರಾಗಿ ಎತ್ತಿದರೆ ಮಾತ್ರ ಕೇಳಿ, ಅಚ್ಚಿಗೆ ಹೋಗಬೇಕೇ ಎಂಬುದನ್ನು ಅವರಿಗೇ ಬಿಡಿ.

ಕೂರುವ ಹೊತ್ತು, ಕೂರುವ ಜಾಗ

ಒಂದು ಸಲಕ್ಕೆ 45 ನಿಮಿಷ, ವಾರಕ್ಕೆ ಒಂದು ಸಲ, ಒಟ್ಟು ಒಂಬತ್ತು ಸಲ. ಇದಕ್ಕಿಂತ ಹೆಚ್ಚು ಕೂರಿಸಿದರೆ ಆ ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲ. ಹಳೆಯದೆಲ್ಲ ಮೇಲೆದ್ದು ಬಂದಿರುತ್ತದೆ. ತಿಂಡಿ, ಮಾತ್ರೆ ಮುಗಿದ ಮೇಲೆ ಬೆಳಗ್ಗೆ ಹತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಶ್ರವಣ ಸಾಧನ ಇದ್ದರೆ ಬ್ಯಾಟರಿ ಮೊದಲೇ ನೋಡಿಕೊಳ್ಳಿ. ಪ್ರಶ್ನೆ ಸರಿಯಾಗಿ ಕೇಳದಿದ್ದರೂ ಸಂಕೋಚಕ್ಕೆ ‘ಹೂಂ’ ಎಂದುಬಿಡುತ್ತಾರೆ, ನೀವು ಅದನ್ನೇ ಉತ್ತರ ಎಂದು ಬರೆದುಕೊಳ್ಳುತ್ತೀರಿ.

ಗಂಡ ಹೆಂಡತಿ ಇಬ್ಬರೂ ಇದ್ದರೆ ಬೇರೆ ಬೇರೆ ಕೂರಿಸಿ. ಜೊತೆಯಲ್ಲಿ ಕೂತರೆ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ, ತಿದ್ದಿಸಿಕೊಂಡವರು ಸುಮ್ಮನಾಗುತ್ತಾರೆ. ಸುಮ್ಮನಾಗುವವರು ಬಹಳ ಸಲ ಅಜ್ಜಿಯೇ. ಕೊನೆಯ ಒಂದು ಸಲ ಮಾತ್ರ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮದುವೆಯ ಕಥೆ ಕೇಳಿ, ಅದು ಜೊತೆಯಲ್ಲೇ ಚೆನ್ನ.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹೊರಗೆ ಕನ್ನಡ, ಒಳಗೆ ತೆಲುಗು, ತಮಿಳು, ಕೊಂಕಣಿ, ಉರ್ದು, ತುಳು. ಅವರು ಬಯ್ಯುವುದು, ಎಣಿಸುವುದು, ದೇವರಿಗೆ ಹೇಳಿಕೊಳ್ಳುವುದು ಯಾವ ಭಾಷೆಯಲ್ಲೋ ಆ ಭಾಷೆಯಲ್ಲೇ ಹೇಳಲು ಬಿಡಿ. ಕನ್ನಡಕ್ಕೆ ಆಮೇಲೆ ತಂದುಕೊಳ್ಳಬಹುದು.

ಹಾಲ್‌ಗಿಂತ ಮಲಗುವ ಕೋಣೆ ವಾಸಿ. ಹಾಸಿಗೆ, ಬಟ್ಟೆ ತುಂಬಿದ ಬೀರು, ಪರದೆ ಇವು ದನಿಯ ಮಾರ್ದನಿಯನ್ನು ಹೀರಿಕೊಳ್ಳುತ್ತವೆ. ಗ್ರಾನೈಟ್ ನೆಲದ ಖಾಲಿ ಹಾಲಿನಲ್ಲಿ ದನಿ ಡಬ್ಬದೊಳಗಿಂದ ಬಂದಂತೆ ಇರುತ್ತದೆ. ಫ್ಯಾನ್ ನಿಲ್ಲಿಸಿ. ಬೇಸಿಗೆಯಲ್ಲಿ ಆಗದಿದ್ದರೆ ಕನಿಷ್ಠ ವೇಗಕ್ಕೆ ಇಳಿಸಿ, ಮೈಕನ್ನು ಅದರ ಗಾಳಿಗೆ ಅಡ್ಡ ಇಡಬೇಡಿ. ನೀರು ಶುದ್ಧೀಕರಣ ಯಂತ್ರ, ಸಂಪಿನ ಮೋಟರು, ಕುಕ್ಕರು ಎಲ್ಲ ಆ ಮುಕ್ಕಾಲು ಗಂಟೆ ಬಂದ್. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಭಾನುವಾರ ನೋಡಿಕೊಳ್ಳಿ.

ಫೋನೇ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಕರೆ ಬಂದು ಹಲವು ಫೋನ್‌ಗಳಲ್ಲಿ ರೆಕಾರ್ಡಿಂಗ್ ಅಲ್ಲೇ ನಿಲ್ಲುತ್ತದೆ. ಧ್ವನಿ ಕಡತಕ್ಕೆ ವೇವ್ (WAV) ಮಾದರಿ ಇದ್ದರೆ ಅದನ್ನೇ ಆರಿಸಿ: 44.1 ಕಿಲೋಹರ್ಟ್ಸ್, 16 ಬಿಟ್, ಮೋನೊ ಎಂದಿಟ್ಟರೆ ಗಂಟೆಗೆ ಸುಮಾರು 318 ಎಂಬಿ, ಒಂಬತ್ತು ಸಲಕ್ಕೆ ಎರಡು ಜಿಬಿ ಚಿಲ್ಲರೆ. ಸೀರೆಗೆ ಅಥವಾ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ರೇಷ್ಮೆ ಸೀರೆಯ ಸರಸರ ಮತ್ತು ಬಳೆಯ ಸದ್ದು ಮಾತನ್ನೇ ನುಂಗುತ್ತವೆ, ಹತ್ತಿ ಸೀರೆ ಉಡಲು ಹೇಳಿ. ಮೈಕ್ ಇಲ್ಲದಿದ್ದರೆ ಫೋನನ್ನು ಮೊಳದಷ್ಟು ದೂರದಲ್ಲಿ ದಿಂಬಿನ ಮೇಲೆ ಇಡಿ. ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಬರುತ್ತದೆ. ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನ್‌ನಲ್ಲಿ ಕೇಳಿ, ಆಮೇಲೆ ಶುರು. ಮೊದಲ ಮಾತು ನಿಮ್ಮದೇ ಇರಲಿ: ದಿನಾಂಕ, ಜಾಗ, ಯಾರು ಮಾತಾಡುತ್ತಿದ್ದಾರೆ.

ಮರೆವಿನ ಕಾಯಿಲೆ ಶುರುವಾಗಿದ್ದರೆ ಹದಿನೈದು ನಿಮಿಷಕ್ಕೆ ನಿಲ್ಲಿಸಿ. ‘ಇವರು ಯಾರು ಹೇಳಿ’ ಎಂದು ಪರೀಕ್ಷೆ ಮಾಡಲೇಬೇಡಿ, ತಪ್ಪು ಹೇಳಿದರೆ ತಿದ್ದಲೂ ಬೇಡಿ. ಕೈಗೆ ಏನಾದರೂ ಕೊಡಿ: ಒಳಲೆ, ಹಳೆಯ ಕಾಫಿ ಫಿಲ್ಟರ್, ಅರಿಶಿನ ಕುಂಕುಮದ ಬಟ್ಟಲು. ಹಾಡು ಹೇಳಿಸಿ. ಇಸವಿ ಹೋದ ಮೇಲೂ ದೇವರನಾಮ, ಹಸೆಯ ಹಾಡು ಉಳಿದಿರುತ್ತವೆ.

ಇಸವಿ ಹಿಡಿಯುವ ಕೆಲಸ

ಇದೇ ಎಲ್ಲಕ್ಕಿಂತ ಶ್ರಮದ ಕೆಲಸ, ನಿಜ ಹೇಳಬೇಕೆಂದರೆ ಇದೇ ಎಲ್ಲಕ್ಕಿಂತ ಖುಷಿಯದು ಕೂಡ.

ಹುಟ್ಟಿದ ದಿನವೇ ಮೊದಲ ತೊಡಕು. ಜನನ–ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ, ಎಂಬತ್ತು ದಾಟಿದ ಹೆಚ್ಚಿನವರಲ್ಲಿ ಜನನ ಪತ್ರ ಇರುವುದಿಲ್ಲ. ಶಾಲೆಯ ದಾಖಲೆಯಲ್ಲಿ ಇರುವುದು ಎಷ್ಟೋ ಸಲ ಮೇಷ್ಟ್ರು ಸೇರಿಸಿಕೊಳ್ಳಲು ವಯಸ್ಸು ಹೊಂದಿಸಿ ಬರೆದ ತಾರೀಖು. ಜೂನ್ ತಿಂಗಳ ಒಂದನೆಯ ತಾರೀಖು ಕಂಡರೆ ಅನುಮಾನ ಪಡಿ. ಜಾತಕ ಇದ್ದರೆ ಅದೇ ಹೆಚ್ಚು ನಂಬಿಕೆಯದು, ಅದರಲ್ಲಿ ಸಂವತ್ಸರದ ಹೆಸರಿರುತ್ತದೆ. ಅರವತ್ತು ಸಂವತ್ಸರಗಳ ಮೊದಲನೆಯದು ಪ್ರಭವ. ಅದು ಬಂದದ್ದು 1927ರಲ್ಲಿ, ಮತ್ತೆ 1987ರಲ್ಲಿ. ಸಂವತ್ಸರದ ಕ್ರಮಸಂಖ್ಯೆಗೆ 1926 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ. ತಾರಣ ಹದಿನೆಂಟನೆಯದು, ಆದ್ದರಿಂದ 1944ರ ಯುಗಾದಿಯಿಂದ 1945ರ ಯುಗಾದಿಯವರೆಗೆ. ಎಲ್ಲರೂ ಎಡವುವುದು ಇಲ್ಲಿ: ಸಂವತ್ಸರ ಬದಲಾಗುವುದು ಯುಗಾದಿಗೆ, ಜನವರಿಗಲ್ಲ. ‘ತಾರಣ, ಮಾಘ ಶುದ್ಧ ಪಂಚಮಿ’ ಎಂದಿದ್ದರೆ ಅದು 1945ರ ಆರಂಭ, 1944 ಅಲ್ಲ. ಸೌರಮಾನದವರ ಜಾತಕದಲ್ಲಿ ಹೊಸ ವರ್ಷ ಏಪ್ರಿಲ್ ನಡುವಿಗೆ ಶುರುವಾಗುತ್ತದೆ ಎಂಬುದನ್ನೂ ನೆನಪಿಡಿ. ಪುಸ್ತಕದಲ್ಲಿ ಎರಡೂ ತಾರೀಖು ಕೊಟ್ಟು, ಯಾವುದು ಎಲ್ಲಿಂದ ಬಂತು ಎಂದು ಬರೆದುಬಿಡಿ.

ಬದುಕಿನ ನಡುವಣ ಘಟನೆಗಳಿಗೆ ಊರಿಗೆಲ್ಲ ಗೊತ್ತಿರುವ ಘಟನೆಗಳನ್ನು ಗೂಟವಾಗಿ ಹೂಡಬೇಕು. ‘ಯಾವ ವರ್ಷ’ ಎಂದು ಕೇಳಬೇಡಿ, ‘ಅದು ಮುಂಚೆಯೋ, ಆಮೇಲೋ’ ಎಂದು ಕೇಳಿ. ಗಾಂಧೀಜಿ ಹೋದಾಗ (1948ರ ಜನವರಿ) ಶಾಲೆಗೆ ಹೋಗುತ್ತಿದ್ದಿರಾ? ವಿಧಾನಸೌಧ ಕಟ್ಟುತ್ತಿದ್ದಾಗ (1956ರಲ್ಲಿ ಮುಗಿಯಿತು) ಈ ಕಡೆ ಬಂದಿದ್ದಿರಾ? ಆಣೆ ಹೋಗಿ ನಯೇ ಪೈಸೆ ಬಂದಾಗ (1957ರ ಏಪ್ರಿಲ್)? ಎಲಿಜಬೆತ್ ರಾಣಿ ಬೆಂಗಳೂರಿಗೆ ಬಂದಾಗ (1961)? ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ (1973ರ ನವೆಂಬರ್ 1)? ತುರ್ತು ಪರಿಸ್ಥಿತಿಯಲ್ಲಿ (1975–77)? ಹಗಲಲ್ಲೇ ಊರೆಲ್ಲ ಬಾಗಿಲು ಹಾಕಿಕೊಂಡ ಸೂರ್ಯಗ್ರಹಣದ ದಿನ (1980ರ ಫೆಬ್ರವರಿ 16)? ವೀನಸ್ ಸರ್ಕಸ್‌ಗೆ ಬೆಂಕಿ ಬಿದ್ದಾಗ (1981ರ ಫೆಬ್ರವರಿ)? ಗೋಕಾಕ್ ಚಳವಳಿ (1982)? ರಾಜ್‌ಕುಮಾರ್ ಅಪಹರಣ (2000)? ನಾಲ್ಕೈದು ಗೂಟ ಸಿಕ್ಕರೆ ಉಳಿದದ್ದು ಅವುಗಳ ನಡುವೆ ಸೇರಿಕೊಳ್ಳುತ್ತದೆ.

ಕಾಗದಗಳು ಇನ್ನೂ ನೇರವಾಗಿ ಹೇಳುತ್ತವೆ. ಅಂಚೆ ಮುದ್ರೆ ಅಳಿಸಿದ ಇನ್‌ಲ್ಯಾಂಡ್ ಪತ್ರ ಸಿಕ್ಕರೆ ವಿಳಾಸ ನೋಡಿ. ‘ಬಸವನಗುಡಿ, ಬೆಂಗಳೂರು–4’ ಎಂದಿದ್ದರೆ ಹೆಚ್ಚುಕಡಿಮೆ 1972ಕ್ಕೆ ಮುಂಚಿನದು. ಆ ವರ್ಷದ ಆಗಸ್ಟ್ 15ಕ್ಕೆ ಪಿನ್ ಕೋಡ್ ಬಂದು ಅದೇ 560004 ಆಯಿತು. ಆದರೆ ಹಳೆಯ ರೂಢಿ ಬಿಡದೆ ಎಷ್ಟೋ ವರ್ಷ ‘ಬೆಂಗಳೂರು–4’ ಎಂದೇ ಬರೆದವರೂ ಇದ್ದರು, ಆದ್ದರಿಂದ ಇದೊಂದನ್ನೇ ನೆಚ್ಚಬೇಡಿ. ಪಿನ್ ಕೋಡ್ ಇದ್ದರೆ ಮಾತ್ರ ಅದಕ್ಕೆ ಮುಂಚಿನದಲ್ಲ ಎಂಬುದು ಖಚಿತ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ಹಿಂದಿನದಿರಬಹುದು. ಅಂಚೆ ಚೀಟಿಯ ಮೇಲೆ ‘ನಯೇ ಪೈಸೆ’ ಇದ್ದರೆ 1957ರ ನಂತರದ್ದು. 1964ರ ಜೂನ್‌ನಿಂದ ‘ನಯೇ’ ಬಿಟ್ಟು ಬರೀ ಪೈಸೆ ಆಯಿತು.

ಹುಡುಕಬೇಕಾದ ಜಾಗಗಳು: ಮದುವೆ ಆಮಂತ್ರಣಗಳ ಕಟ್ಟು, ಅಮ್ಮನ ಮನೆ ಖರ್ಚಿನ ಲೆಕ್ಕದ ಪುಸ್ತಕ, ರದ್ದಾದ ಪಾಸ್‌ಪೋರ್ಟ್, ಎಲ್‌ಐಸಿ ಪಾಲಿಸಿ, ಅಪ್ಪನ ಎಲ್‌ಟಿಸಿ (ನೌಕರರ ರಜೆ ಪ್ರವಾಸದ ರಿಯಾಯಿತಿ) ಬಿಲ್ಲುಗಳ ನಕಲು, ಪಂಚಾಂಗದ ಅಂಚಿನಲ್ಲಿ ಬರೆದ ಟಿಪ್ಪಣಿ. ಕ್ರೈಸ್ತ ಮನೆಗಳಿಗೆ ಚರ್ಚಿನ ಜ್ಞಾನಸ್ನಾನ ಮತ್ತು ವಿವಾಹದ ರಿಜಿಸ್ಟರು, ಮುಸ್ಲಿಂ ಮನೆಗಳಿಗೆ ನಿಕಾಹ್‌ನಾಮ ಬಹಳ ನಂಬಿಕೆಯ ಆಧಾರ. ಲೆಕ್ಕದ ಪುಸ್ತಕವನ್ನು ಮಾತ್ರ ರದ್ದಿಗೆ ಹಾಕಬೇಡಿ. ಸೀಮೆಎಣ್ಣೆ, ಸ್ಕೂಲ್ ಫೀಸು, ದೇವರ ಹುಂಡಿ, ‘ನೆರೆಮನೆಯವರಿಗೆ ಕೊಟ್ಟ ಕೈಸಾಲ’ ಎಲ್ಲ ತಾರೀಖಿನ ಸಮೇತ ಅದರಲ್ಲಿದೆ.

ದೇವರು, ಸೇವೆ, ತಿರುಗಾಟ

‘ನಿಮಗೆ ದೇವರಲ್ಲಿ ನಂಬಿಕೆ ಹೇಗೆ ಬಂತು’ ಎಂದು ಕೇಳಿದರೆ ‘ಎಲ್ಲ ಅವನ ದಯೆ’ ಎಂಬ ಒಂದು ಸಾಲು ಬರುತ್ತದೆ, ಅಲ್ಲಿಗೆ ಮುಗಿಯಿತು. ಕೈ ಮಾಡಿದ ಕೆಲಸವನ್ನು ಕೇಳಬೇಕು. ದೀಪಕ್ಕೆ ಯಾವ ಎಣ್ಣೆ? ಬತ್ತಿ ಯಾರು ಹೊಸೆಯುತ್ತಿದ್ದರು? ವರಮಹಾಲಕ್ಷ್ಮಿಗೆ ಕಳಶ ಯಾವ ಚೊಂಬಿನಲ್ಲಿ? ಯಾವ ವ್ರತವನ್ನು ಯಾವಾಗ ಬಿಟ್ಟಿರಿ, ಯಾಕೆ? ಕಷ್ಟ ಬಂದಾಗ ಯಾವ ದೇವರಿಗೆ ಹರಕೆ, ಅದು ತೀರಿತೇ? ಕರಗದ ರಾತ್ರಿ, ಕಡಲೆಕಾಯಿ ಪರಿಷೆ, ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತ, ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಸೆಪ್ಟೆಂಬರ್ 8ರ ಹಬ್ಬ, ಇವಕ್ಕೆ ಯಾರ ಜೊತೆ, ಹೇಗೆ ಹೋಗುತ್ತಿದ್ದಿರಿ, ಹಿಂದಿರುಗುವಾಗ ಎಷ್ಟು ಹೊತ್ತು? ಇಂಥ ಪ್ರಶ್ನೆಗಳಿಗೆ ಬಂದ ಉತ್ತರದಲ್ಲಿ ಭಕ್ತಿ ತಾನಾಗಿ ಕಾಣುತ್ತದೆ. ‘ದೈವಭಕ್ತೆ’ ಎಂಬ ವಿಶೇಷಣ ನೀವು ಸೇರಿಸಬೇಕಾಗಿಲ್ಲ.

ಸೇವೆಯ ವಿಷಯ ಇನ್ನೂ ಕಷ್ಟ. ಆ ತಲೆಮಾರು ತಾನು ಮಾಡಿದ್ದನ್ನು ಸೇವೆ ಎಂದು ಎಣಿಸುವುದೇ ಇಲ್ಲ. ಸಾವಿನ ಮನೆಗೆ ಅನ್ನ ಮಾಡಿ ಕಳಿಸುವುದು, ಊರಿನಿಂದ ಓದಲು ಬಂದ ಹುಡುಗನಿಗೆ ವಾರಾನ್ನ ಹಾಕಿದ್ದು, ವಠಾರದ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಟ್ಟಿದ್ದು, ಆಸ್ಪತ್ರೆಯಲ್ಲಿ ಯಾರದೋ ಪಕ್ಕ ರಾತ್ರಿ ಕೂತದ್ದು, ಇವು ‘ಎಲ್ಲರೂ ಮಾಡ್ತಿದ್ರು’ ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತವೆ. ಅದಕ್ಕೆ ಕೇಳಬೇಕಾದದ್ದು: ಮನೆಯವರಲ್ಲದವರು ಯಾರು ಯಾರು ನಿಮ್ಮ ಮನೆಯಲ್ಲಿ ಊಟ ಮಾಡಿದ್ದಾರೆ? 1962ರಲ್ಲಿ ಚೀನಾ ಯುದ್ಧವಾದಾಗ ರಕ್ಷಣಾ ನಿಧಿಗೆ ಏನು ಕೊಟ್ಟಿರಿ? ಲಾತೂರ್ ಭೂಕಂಪ (1993), ಉತ್ತರ ಕರ್ನಾಟಕದ ನೆರೆ (2009), ಕೊಡಗಿನ ನೆರೆ (2018), ಆಗ ಬಡಾವಣೆಯಲ್ಲಿ ಏನು ಕೂಡಿಸಿದಿರಿ? ರಕ್ತ ಕೊಟ್ಟವರಾದರೆ ಕಾರ್ಡು ಕೇಳಿ, ಅದರಲ್ಲಿ ಪ್ರತಿ ಸಲದ ತಾರೀಖು ಇರುತ್ತದೆ. ಮಹಿಳಾ ಸಮಾಜ, ಭಜನಾ ಮಂಡಳಿ, ಗಣೇಶೋತ್ಸವ ಸಮಿತಿಯಲ್ಲಿ ಇದ್ದವರಾದರೆ ಆ ಸಂಸ್ಥೆಯ ನಡಾವಳಿ ಪುಸ್ತಕ ಮತ್ತು ವಾರ್ಷಿಕ ವರದಿ ನೋಡಲು ಅನುಮತಿ ಕೇಳಿ. ಬಸವನಗುಡಿಯ ಮಹಿಳಾ ಸೇವಾ ಸಮಾಜ 1913ರದು, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1915ರದು, ನರಸಿಂಹರಾಜ ಕಾಲೊನಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ 1945ರದು. ಇಂಥ ಕಡೆ ಕೆಲಸ ಮಾಡಿದವರ ಹೆಸರು ಹಳೆಯ ವರದಿಗಳಲ್ಲಿ ಸಿಗಬಹುದು. ಅವರು ಸಹಾಯ ಮಾಡಿದವರ ಹೆಸರನ್ನು ಮಾತ್ರ, ಆ ಮನೆಯವರ ಒಪ್ಪಿಗೆ ಇಲ್ಲದೆ ಅಚ್ಚು ಹಾಕಬೇಡಿ. ವಾರಾನ್ನ ಉಂಡ ಹುಡುಗ ಈಗ ಅಜ್ಜ.

ಯಾತ್ರೆ, ಪ್ರವಾಸದ ಭಾಗಕ್ಕೆ ಬಂದರೆ ಊರುಗಳ ಪಟ್ಟಿ ಬೇಡ. ಒಂದು ಯಾತ್ರೆಯನ್ನು ಆರಿಸಿ ಅದನ್ನೇ ಎರಡು ಸಲ ಕೂತು ಪೂರ್ತಿ ಕೇಳಿ. ಕಾಶಿ ಆಗಿದ್ದರೆ: ದುಡ್ಡು ಹೇಗೆ ಕೂಡಿಸಿದಿರಿ? ಟ್ರಂಕಿನಲ್ಲಿ ಏನೇನಿತ್ತು, ಅವಲಕ್ಕಿ, ಚಟ್ನಿಪುಡಿ, ಸೌಟು, ಸ್ಟೌ? ರೈಲು ಎಲ್ಲಿ ಬದಲಾಯಿಸಿದಿರಿ? ನೀರು, ಮಡಿ ಹೇಗೆ ನಿಭಾಯಿಸಿದಿರಿ? ಮನೆಯಲ್ಲಿ ಮಕ್ಕಳನ್ನು ಯಾರು ನೋಡಿಕೊಂಡರು? ಗಯೆ ಕಾಶಿಗಳಲ್ಲಿ ಯಾವ ತರಕಾರಿ, ಯಾವ ಹಣ್ಣು ಬಿಟ್ಟು ಬಂದಿರಿ, ಈಗಲೂ ತಿನ್ನುವುದಿಲ್ಲವೇ? ತಂದ ಗಂಗೆಯ ತಂಬಿಗೆ ಈಗ ಎಲ್ಲಿದೆ, ಸಮಾರಾಧನೆಗೆ ಎಷ್ಟು ಜನ ಬಂದರು? ರಾಮೇಶ್ವರದ ಮರಳು ಪ್ರಯಾಗಕ್ಕೆ ಮುಟ್ಟಿತೇ? ಬಿಟ್ಟ ತರಕಾರಿಯ ಒಂದು ಪ್ರಶ್ನೆಯಿಂದಲೇ ಕೆಲವರು ಅರ್ಧ ಗಂಟೆ ಮಾತಾಡುತ್ತಾರೆ.

ಯಾತ್ರೆಯ ಇಸವಿ ಹಿಡಿಯಲೂ ದಾರಿಗಳಿವೆ. ಪ್ರಯಾಗದ ಕುಂಭಮೇಳಕ್ಕೆ ಹೋಗಿದ್ದರೆ 1954, 1966, 1977, 1989, 2001, 2013 ಅಥವಾ 2025. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವಾದರೆ 1967, 1981, 1993, 2006, 2018. ಉಡುಪಿಯಾದರೆ ‘ಯಾವ ಮಠದ ಪರ್ಯಾಯ’ ಎಂದು ಕೇಳಿ. ಎರಡು ವರ್ಷಕ್ಕೊಮ್ಮೆ, ಸಮ ಇಸವಿಯ ಜನವರಿಯಲ್ಲಿ ಮಠ ಬದಲಾಗುತ್ತದೆ, ಒಂದು ಮಠಕ್ಕೆ ಸರದಿ ಬರುವುದು ಹದಿನಾರು ವರ್ಷಕ್ಕೆ. ಪೇಜಾವರರ ಪರ್ಯಾಯ ಎಂದರೆ 1952, 1968, 1984, 2000 ಅಥವಾ 2016ರಲ್ಲಿ ಶುರುವಾದದ್ದು. ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರದ ದರ್ಶನಕ್ಕೆ ಹೋದವರಾದರೆ 1964ರಿಂದ ಈಚೆಗೆ ಹತ್ತು ಹತ್ತು ವರ್ಷಕ್ಕೊಮ್ಮೆ. ಕೈಲಾಸ ಮಾನಸ ಸರೋವರಕ್ಕೆ ಸರ್ಕಾರದ ಮೂಲಕ ಹೋದವರಾದರೆ 1981ಕ್ಕಿಂತ ಮುಂಚೆ ಇರಲಾರದು. ಹಜ್ ಯಾತ್ರೆಗೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದದ್ದಕ್ಕೆ ಪಾಸ್‌ಪೋರ್ಟಿನ ಮುದ್ರೆಯೇ ಸಾಕ್ಷಿ. ‘ಎಚ್‌ಎಎಲ್ ಏರ್‌ಪೋರ್ಟಿಂದ ಹೋದೆ’ ಎಂದರೆ 2008ರ ಮೇ ತಿಂಗಳಿಗೆ ಮುಂಚೆ. ಬಾಣಂತನದ ಆ ಆರು ತಿಂಗಳನ್ನೂ ಪ್ರವಾಸ ಎಂದೇ ಬರೆಯಿರಿ. ಅರವತ್ತು ದಾಟಿ ಮೊದಲ ಸಲ ವಿಮಾನ ಹತ್ತಿ, ಹಿಮದಲ್ಲಿ ಅಂಟಿನುಂಡೆ ಕಟ್ಟಿದ ಹೆಂಗಸಿನ ಧೈರ್ಯ ಸಣ್ಣದಲ್ಲ.

ಹರಿದ್ವಾರ, ಗಯೆ, ಪ್ರಯಾಗದಲ್ಲಿ ಪಂಡರ, ಅಂದರೆ ಅಲ್ಲಿನ ತೀರ್ಥ ಪುರೋಹಿತರ, ಬಹಿಗಳಲ್ಲಿ (ಯಾತ್ರಿಕರ ವಂಶಾವಳಿಯ ಪುಸ್ತಕ) ಹೆಸರು ಬರೆಸಿದ ನೆನಪಿದ್ದರೆ ಮೂಲ ಊರು, ಗೋತ್ರ, ಮನೆತನದ ಹೆಸರು, ಪಂಡರ ಹೆಸರು ಎಲ್ಲವನ್ನೂ ಬರೆದಿಡಿ. ಬಹಿಯನ್ನು ಹುಡುಕುವುದು ಈ ವಿವರಗಳಿಂದಲೇ.

ಫೋಟೊಗಳು

4×6 ಇಂಚಿನ ಫೋಟೊವನ್ನು 600 ಡಿಪಿಐಗೆ, ಅಂಗೈಯಷ್ಟು ಚಿಕ್ಕ ಕಪ್ಪುಬಿಳುಪಿನದನ್ನು 1200ಕ್ಕೆ, ಪತ್ರಗಳನ್ನು 300ಕ್ಕೆ ಸ್ಕ್ಯಾನ್ ಮಾಡಿ. ಕಪ್ಪುಬಿಳುಪನ್ನೂ ಬಣ್ಣದ ಸ್ಕ್ಯಾನ್ ಆಗಿಯೇ ತೆಗೆಯಿರಿ, ಕಲೆ ತೆಗೆಯಲು ಸುಲಭ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟುಡಿಯೊ ಮುದ್ರೆ ಅಲ್ಲಿರುತ್ತದೆ. ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಬೇಡಿ, ಮೇಲ್ಪದರ ಗಾಜಿಗೇ ಉಳಿದುಬಿಡುತ್ತದೆ. ಕಟ್ಟು ಬಿಚ್ಚದೆ ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ. ಅಂಟುಹಾಳೆಯ ಹಳೆಯ ಆಲ್ಬಂನಲ್ಲಿ ಹಲ್ಲು ಶುಚಿಗೊಳಿಸುವ ದಾರವನ್ನು ಫೋಟೊದ ಅಡಿ ಅತ್ತಿತ್ತ ಎಳೆದು ಬಿಡಿಸಿ, ಆಗದಿದ್ದರೆ ಹಾಳೆಯ ಸಮೇತ ಸ್ಕ್ಯಾನ್. ಹಿಂದೆ ಹೆಸರು ಬರೆಯಲು ಮೆತ್ತನೆ ಪೆನ್ಸಿಲ್ ಮಾತ್ರ. ಬಾಲ್‌ಪೆನ್ನಿನ ಒತ್ತು ಮುಂದೆ ಕಾಣುತ್ತದೆ, ಶಾಯಿ ಪಕ್ಕದ ಫೋಟೊಗೆ ಹತ್ತುತ್ತದೆ. ನೆಂಟರಿಂದ ಫೋಟೊ ತರಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ಗಾತ್ರ ಕುಗ್ಗಿ, ಅಚ್ಚಿನಲ್ಲಿ ಮುಖ ಕಲಸಿಹೋಗುತ್ತದೆ. ಗುಂಪಿನ ಫೋಟೊಗಳನ್ನು ಹಿರಿಯರ ಮುಂದಿಟ್ಟು ಎಡದಿಂದ ಬಲಕ್ಕೆ ಹೆಸರು ಹೇಳಿಸಿ ರೆಕಾರ್ಡ್ ಮಾಡಿ. ಇದನ್ನು ಮುಂದೆ ಹಾಕಬೇಡಿ, ಆ ಹೆಸರು ಗೊತ್ತಿರುವವರು ಇನ್ನು ಒಬ್ಬರೋ ಇಬ್ಬರೋ.

ಬರೆದಿಳಿಸುವುದು, ತಿದ್ದುವುದು

ಒಂದು ಗಂಟೆಯ ಮಾತನ್ನು ಕೈಯಾರೆ ಇಳಿಸಲು ಐದಾರು ಗಂಟೆ ಬೇಕು. ಒಟ್ಟು ಏಳು ಗಂಟೆಯ ಧ್ವನಿಗೆ ನಲವತ್ತು ಗಂಟೆ ಎಂದಿಟ್ಟುಕೊಳ್ಳಿ, ನಾಲ್ಕು ಮೊಮ್ಮಕ್ಕಳಿಗೆ ಹಂಚಿ. ಫೋನಿನ ಕನ್ನಡ ಧ್ವನಿ ಟೈಪಿಂಗ್ ಸಹಾಯ ಮಾಡುತ್ತದೆ, ಆದರೆ ಊರ ಹೆಸರು, ಜನರ ಹೆಸರುಗಳನ್ನು ಏನೇನೋ ಮಾಡುತ್ತದೆ. ಆಡುಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದಬೇಡಿ. ‘ನಾವು ನೀರು ಹೊತ್ತು ತರ್ತಿದ್ವಿ’ ಎಂದದ್ದು ಹಾಗೇ ಇರಲಿ. ಸೇರು, ಪಾವು, ಆಣೆ, ಗಜ ಅವರು ಹೇಳಿದಂತೆಯೇ ಉಳಿಯಲಿ. ಜಾಗದ ಹೆಸರುಗಳಿಗೆ ಮಾತ್ರ ಈಗಿನದನ್ನೂ ಕೊಡಿ: ಸೌತ್ ಪರೇಡ್ ಎಂದರೆ ಇಂದಿನ ಎಂ.ಜಿ. ರಸ್ತೆ, ದಂಡು ಎಂದರೆ ಕಂಟೋನ್ಮೆಂಟ್ ಕಡೆ, ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ.

ಹೆಸರುಗಳ ಗೊಂದಲವನ್ನು ಮೊದಲೇ ಬಿಡಿಸಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಯಲ್ಲಿ ಮೂವರು ವೆಂಕಟರಾಮಯ್ಯ ಇರುತ್ತಾರೆ. ಜೊತೆಯಲ್ಲಿ ಊರು ಅಥವಾ ಕೆಲಸ ಸೇರಿಸಿ. ಇನಿಷಿಯಲ್‌ಗಳನ್ನು ಒಂದು ಸಲವಾದರೂ ಪೂರ್ತಿ ಬಿಡಿಸಿ ಬರೆಯಿರಿ. ಮದುವೆಯಲ್ಲಿ ಹೆಸರು ಬದಲಾದ ಹೆಂಗಸರಿಗೆ ತವರಿನ ಹೆಸರು ಕೊಡಲೇಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು, ಅವರ ಮಕ್ಕಳನ್ನು ಬಿಡಬೇಡಿ. ಗಂಡುಸಂತಾನದ ಗೆರೆಯೊಂದನ್ನೇ ಎಳೆದ ವಂಶವೃಕ್ಷ ಅರ್ಧ ಮನೆಯನ್ನೇ ಅಳಿಸುತ್ತದೆ.

ಏಳು ಗಂಟೆಯಲ್ಲಿ ಸುಮಾರು 30,000 ಪದ ಸಿಗುತ್ತದೆ. ಪುಸ್ತಕಕ್ಕೆ ಹತ್ತು ಸಾವಿರ ಸಾಕು. ಉಳಿದದ್ದನ್ನು ಬಿಸಾಡದೆ ಪೂರ್ತಿ ಪಾಠವಾಗಿ ಬೇರೆ ಇಡಿ. ಬರೆದದ್ದನ್ನು ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ಓದುವಾಗಲೂ ರೆಕಾರ್ಡರ್ ಓಡುತ್ತಿರಲಿ, ಬಿಟ್ಟುಹೋದ ಒಳ್ಳೆಯ ಮಾತುಗಳು ಆಗಲೇ ಬರುವುದು.

ಅಚ್ಚು

ಡೆಮಿ ಅಷ್ಟಪತ್ರ ಅಳತೆ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಓದುವವರಲ್ಲಿ ಎಪ್ಪತ್ತರವರೇ ಹೆಚ್ಚು, ಆದ್ದರಿಂದ ಅಕ್ಷರ 14 ಪಾಯಿಂಟ್. ಪುಟಕ್ಕೆ ಸುಮಾರು 190 ಪದ. ಹತ್ತು ಸಾವಿರ ಪದ ಮತ್ತು ಹದಿನಾರು ಪುಟ ಫೋಟೊ ಸೇರಿ 72 ಪುಟ. 64 ಪುಟದವರೆಗೆ ನಡುವೆ ಪಿನ್ ಹೊಡೆಸಬಹುದು, ಹೆಚ್ಚಾದರೆ ಗಮ್ ಬೈಂಡಿಂಗ್. ಅದಕ್ಕೆ ಒಳ ಅಂಚು 20 ಮಿಲಿಮೀಟರ್ ಬಿಡದಿದ್ದರೆ ಸಾಲಿನ ಅಕ್ಷರಗಳು ಬೆನ್ನಿನೊಳಗೆ ಹೋಗುತ್ತವೆ. ಒಳಗೆ 80 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿತೊ ಕಾಗದ, ಫೋಟೊಗಳಿಗೆ 130 ಜಿಎಸ್‌ಎಂ ಆರ್ಟ್ ಪೇಪರ್, ಮುಖಪುಟಕ್ಕೆ 300ರ ಕಾರ್ಡ್. ನೂರಿನ್ನೂರು ಪ್ರತಿಗೆ ಡಿಜಿಟಲ್ ಅಚ್ಚು ಅನುಕೂಲ, ಐನೂರು ದಾಟಿದರೆ ಆಫ್‌ಸೆಟ್ ದರ ಕೇಳಿ. ಸುಲ್ತಾನ್‌ಪೇಟೆ, ಚಾಮರಾಜಪೇಟೆ ಕಡೆ ಮೂರು ಅಂಗಡಿಯಲ್ಲಿ ವಿಚಾರಿಸಿ, ಅವರು ಮಾಡಿದ ಕನ್ನಡ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು ನೋಡಿ.

ಕೆಡುವುದು ಹೆಚ್ಚಾಗಿ ಫಾಂಟಿನಲ್ಲಿ. ನೀವು ಯೂನಿಕೋಡ್‌ನಲ್ಲಿ ಬರೆದಿರುತ್ತೀರಿ, ಡಿಟಿಪಿಯವರು ನುಡಿ ಅಥವಾ ಶ್ರೀಲಿಪಿಗೆ ಪರಿವರ್ತಿಸುತ್ತಾರೆ. ಆಗ ಅರ್ಕಾವತ್ತು ಜಾಗ ಬದಲಿಸುತ್ತದೆ, ಒತ್ತಕ್ಷರ ಕಳಚುತ್ತದೆ, ಅಂಕಿಗಳು ಇಂಗ್ಲಿಷೋ ಕನ್ನಡವೋ ಎಂದು ಮಿಶ್ರವಾಗುತ್ತವೆ. ಅದಕ್ಕೆ ಪರಿವರ್ತನೆ ಆದ ಮೇಲೆಯೇ ಕರಡು ತಿದ್ದಬೇಕು, ಮುಂಚಿನ ತಿದ್ದುಪಡಿ ವ್ಯರ್ಥ. ಕಾಗದದ ಮೇಲೆ ಪ್ರಿಂಟ್ ತೆಗೆಸಿ ಮೂರು ಸಲ ನೋಡಿ: ಒಮ್ಮೆ ಅಕ್ಷರಕ್ಕೆ, ಒಮ್ಮೆ ಹೆಸರು ಮತ್ತು ಇಸವಿಗಳಿಗೆ ಮಾತ್ರ, ಒಮ್ಮೆ ಫೋಟೊ ಅಡಿಬರಹಕ್ಕೆ ಮಾತ್ರ. ಎರಡನೆಯದನ್ನು ಮನೆಯಲ್ಲಿ ನೆಂಟಸ್ತಿಕೆ ಚೆನ್ನಾಗಿ ಬಲ್ಲ ಹಿರಿಯ ನಾದಿನಿಯೋ ಅತ್ತಿಗೆಯೋ ಮಾಡಲಿ. ಅಂತಿಮ ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿದೆಯೇ ಎಂದು ಕೇಳಿ, ಒಂದು ಮಾದರಿ ಪ್ರತಿ ತರಿಸಿ, ಅದನ್ನು ನೋಡಿದ ಮೇಲೆಯೇ ಉಳಿದದ್ದಕ್ಕೆ ಹೂಂ ಅನ್ನಿ. ಎಷ್ಟೇ ನೋಡಿದರೂ ಯಾರದೋ ಹೆಸರು ಬಿಟ್ಟುಹೋಗಿರುತ್ತದೆ. ಸಮಾರಂಭದ ಮರುವಾರ ಎಲ್ಲರಿಂದ ತಪ್ಪುಗಳನ್ನು ಕೇಳಿ ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳಿಸಿ.

ಧ್ವನಿ, ಸ್ಕ್ಯಾನ್, ಪೂರ್ತಿ ಪಾಠ, ಪಿಡಿಎಫ್ ಎಲ್ಲವನ್ನೂ ಮೂರು ಪ್ರತಿ ಮಾಡಿ: ಒಂದು ಮನೆಯ ಹಾರ್ಡ್ ಡಿಸ್ಕ್, ಒಂದು ಬೇರೆ ಊರಿನಲ್ಲಿರುವ ಮಗನ ಅಥವಾ ಮಗಳ ಹತ್ತಿರ, ಒಂದು ಕ್ಲೌಡ್‌ನಲ್ಲಿ. ಕಡತದ ಹೆಸರು ಇಸವಿಯಿಂದ ಶುರುವಾಗಲಿ, ‘1968-05-ಮದುವೆ-03’ ಎಂಬಂತೆ, ಆಗ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಕ್ಲೌಡ್ ಖಾತೆಯ ಪಾಸ್‌ವರ್ಡ್ ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ, ಮತ್ತು ಪ್ರತಿ ಯುಗಾದಿಗೆ ಒಮ್ಮೆ ಮೂರೂ ಕಡೆ ಒಂದೊಂದು ಕಡತ ತೆರೆದು, ಧ್ವನಿ ಕೇಳಿಸುತ್ತದೆಯೇ ಎಂದು ನೋಡಿಕೊಳ್ಳಿ.